ಬೆಳಕು, ಬಿಸಿ ಮತ್ತು ಮಿದುಳಿನ ಗಡ್ಡೆ

ಮಿದುಳಿನ ಗಡ್ಡೆಗೆ ಕೈಹಾಕುವ ಶಸ್ತ್ರವೈದ್ಯರನ್ನು ಕಾಡುವ ದೊಡ್ಡ ಪ್ರಶ್ನೆ, ಎಲ್ಲಿಗೆ ನಿಲ್ಲಿಸಬೇಕು ಎಂಬುದು. ದೇಹದ ಬೇರೆ ಕಡೆ ಗಡ್ಡೆ ಇದ್ದರೆ ಸುತ್ತಲಿನ ಆರೋಗ್ಯವಂತ ಅಂಗಾಂಶವನ್ನೂ ಒಂದಷ್ಟು ಸೇರಿಸಿಯೇ ಕತ್ತರಿಸಿ ತೆಗೆಯುವ ಪದ್ಧತಿಯುಂಟು. ಮಿದುಳಿನಲ್ಲಿ ಆ ಧಾರಾಳತನಕ್ಕೆ ಎಡೆಯಿಲ್ಲ. ಮಾತಿನ ಕೇಂದ್ರದ ಪಕ್ಕದಲ್ಲೋ ಕೈಕಾಲುಗಳಿಗೆ ಆಜ್ಞೆ ಒಯ್ಯುವ ನರತಂತುಗಳ ಹಾದಿಯಲ್ಲೋ ಕೆಲವು ಮಿಲಿಮೀಟರ್ ಹೆಚ್ಚು ಹೋದರೆ ಮಾತು ನಿಂತುಹೋಗಬಹುದು, ಒಂದು ಪಾರ್ಶ್ವವೇ ಬಿದ್ದುಹೋಗಬಹುದು. ಅಂಜಿ ಕಡಿಮೆ ತೆಗೆದರೆ ಗಡ್ಡೆ ಮತ್ತೆ ಬೆಳೆಯುತ್ತದೆ.

ಗಡ್ಡೆಗಳೆಲ್ಲ ಒಂದೇ ಸ್ವಭಾವದವೂ ಅಲ್ಲ. ಮಿದುಳಿನ ಹೊದಿಕೆಯಿಂದ ಹುಟ್ಟುವ ಮೆನಿಂಜಿಯೋಮಾ ಬಹುಪಾಲು ಅಂಚು ಸ್ಪಷ್ಟವಾಗಿರುವ ಗಟ್ಟಿ ಉಂಡೆ. ಅದು ಮಿದುಳನ್ನು ಒತ್ತುತ್ತದೆಯೇ ಹೊರತು ಒಳಗೆ ನುಗ್ಗುವುದು ಕಡಿಮೆ. ಮಿದುಳಿನ ಪೋಷಕ ಕೋಶಗಳ ಸಾಲಿನಿಂದ ಬರುವ ಗ್ಲಯೋಮಾಗಳ ದಾರಿ ಬೇರೆ. ಅವುಗಳಲ್ಲಿ ಅತಿ ಉಗ್ರವಾದ ಗ್ಲಯೋಬ್ಲಾಸ್ಟೋಮಾ ಗದ್ದೆಗೆ ಇಳಿದ ಗರಿಕೆಯಂತೆ: ಮೇಲಿನ ಹಸಿರನ್ನೆಲ್ಲ ಕಿತ್ತರೂ ಕಣ್ಣಿಗೆ ಕಾಣದ ಬೇರು ದೂರದೂರಕ್ಕೆ ಉಳಿದಿರುತ್ತದೆ. ಅಮೆರಿಕದ ಬಾಲ್ಟಿಮೋರ್‌ನಲ್ಲಿ ವಾಲ್ಟರ್ ಡ್ಯಾಂಡಿ ಕೆಲವು ಗ್ಲಯೋಮಾ ರೋಗಿಗಳ ಮಿದುಳಿನ ಬಲ ಗೋಳಾರ್ಧವನ್ನೇ ಇಡಿಯಾಗಿ ತೆಗೆದು, ಆ ಅನುಭವವನ್ನು 1928ರಲ್ಲಿ ಪ್ರಕಟಿಸಿದರು. ಅಷ್ಟಾದರೂ ರೋಗ ಬೆನ್ನು ಬಿಡಲಿಲ್ಲ. ಶಸ್ತ್ರಕ್ರಿಯೆಯ ಜೊತೆಗೆ ವಿಕಿರಣ ಮತ್ತು ಟೆಮೊಜೊಲೊಮೈಡ್ ಔಷಧ ಸೇರಿಸುವ ಚಿಕಿತ್ಸೆಯನ್ನು 2005ರಲ್ಲಿ ದೊಡ್ಡ ಪರೀಕ್ಷೆಯೊಂದು ಎತ್ತಿಹಿಡಿದಾಗ, ಆ ಚಿಕಿತ್ಸೆ ಪಡೆದವರ ಮಧ್ಯಾಂಕ ಬದುಕುಳಿಕೆ 14.6 ತಿಂಗಳಷ್ಟೇ ಇತ್ತು. ಲೇಸರ್ ಈ ರಂಗಕ್ಕೆ ಬಂದದ್ದು ಇಂಥ ರೋಗದ ಎದುರಿಗೆ. ಅದರಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು ಎಂಬುದನ್ನು ಅಳೆಯಲು ಈ ಹಿನ್ನೆಲೆ ಬೇಕು.

ಮೊದಲು ಒಂದು ಗೊಂದಲವನ್ನು ಬಿಡಿಸಿಡುವುದು ಒಳ್ಳೆಯದು. ಕತ್ತಿಯಿಲ್ಲದೆ ಗಡ್ಡೆಗೆ ಚಿಕಿತ್ಸೆ ಎಂದ ಕೂಡಲೇ ಜನ ಅದನ್ನು ಲೇಸರ್ ಎಂದುಬಿಡುತ್ತಾರೆ. ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ ರೂಪಿಸಿದ ಗಾಮಾ ನೈಫ್ ಲೇಸರ್ ಅಲ್ಲ. ಅದು ಕೋಬಾಲ್ಟ್-60ರಿಂದ ಹೊರಡುವ ಸುಮಾರು 200 ಗಾಮಾ ಕಿರಣಗಳನ್ನು ಒಂದೇ ಬಿಂದುವಿಗೆ ಕೂಡಿಸುವ ವಿಕಿರಣ ಚಿಕಿತ್ಸೆ. ಗಾಮಾ ಕಿರಣಗಳು ಜೀವಕೋಶದ ಡಿಎನ್‌ಎಯನ್ನು ಕೆಡಿಸುತ್ತವೆ, ಫಲ ಕಾಣಲು ವಾರ, ತಿಂಗಳುಗಳು ಬೇಕು. ಲೇಸರ್ ಬರೀ ಬೆಳಕು. ಅದು ತಲೆಬುರುಡೆಯನ್ನು ದಾಟಿ ಆಳದ ಗಡ್ಡೆಯನ್ನು ಸುಡಲಾರದು. ಹಾಗಾಗಿ ಬುರುಡೆಯನ್ನು ಸ್ವಲ್ಪವಾದರೂ ತೆರೆಯಲೇಬೇಕು. ಆ ಕಿಂಡಿ ಅಂಗೈಯಗಲದಿಂದ ಮೂರು ಮಿಲಿಮೀಟರಿಗೆ ಇಳಿದದ್ದೇ ಈ ಅಧ್ಯಾಯದ ಮುಖ್ಯ ಕಥೆ.

ಪ್ರಚೋದನೆಗೆ ಒಳಗಾದ ಪರಮಾಣು ತನ್ನನ್ನು ತಟ್ಟಿದ ಬೆಳಕಿನ ಕಣದ ತದ್ರೂಪನ್ನೇ ಹೊರಗೆಡಹಬಲ್ಲದು ಎಂದು ಐನ್‌ಸ್ಟೈನ್ 1917ರಲ್ಲಿ ಲೆಕ್ಕ ಹಾಕಿ ತೋರಿಸಿದ್ದರು. ಅದು ಯಂತ್ರವಾದದ್ದು 1960ರ ಮೇ 16ರಂದು, ಕ್ಯಾಲಿಫೋರ್ನಿಯಾದ ಮಾಲಿಬುವಿನ ಹ್ಯೂಸ್ ಪ್ರಯೋಗಾಲಯದಲ್ಲಿ ಥಿಯೊಡೋರ್ ಮೈಮನ್ ಮಾಣಿಕ್ಯದ ಸಣ್ಣ ಕಡ್ಡಿಯಿಂದ ಕೆಂಪು ಮಿಂಚು ಹೊರಡಿಸಿದಾಗ. ಲೇಸರ್ ಬೆಳಕಿನ ವಿಶೇಷ ಎರಡು: ಅದರ ತರಂಗಗಳೆಲ್ಲ ಒಂದೇ ಉದ್ದದವು, ಅವು ಚದುರದೆ ಕಿರಿದಾದ ಹಾದಿಯಲ್ಲಿ ಸಾಗುತ್ತವೆ. ಎರಡನೆಯ ಗುಣದಿಂದ ಅಪಾರ ಶಕ್ತಿಯನ್ನು ಸೂಜಿಮೊನೆಯಷ್ಟು ಜಾಗಕ್ಕೆ ತುಂಬಬಹುದು. ಆದರೆ ವೈದ್ಯರಿಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಮೊದಲನೆಯದು. ಯಾವ ತರಂಗಾಂತರದ ಬೆಳಕನ್ನು ಅಂಗಾಂಶದ ಯಾವ ವಸ್ತು ಹೀರುತ್ತದೆ ಎಂಬುದರ ಮೇಲೆ ಆ ಲೇಸರ್ ಕತ್ತಿಯೋ ಕಾವೋ ಎಂಬುದು ತೀರ್ಮಾನವಾಗುತ್ತದೆ.

1964ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಎರಡು ಲೇಸರ್‌ಗಳು ಹುಟ್ಟಿದವು. ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ ಸಿ. ಕುಮಾರ್ ಪಟೇಲ್ ಕಂಡುಹಿಡಿದ ಕಾರ್ಬನ್ ಡೈಆಕ್ಸೈಡ್ ಲೇಸರ್ ಒಂದು. ಅದರ ತರಂಗಾಂತರ 10,600 ನ್ಯಾನೋಮೀಟರ್, ಅಂದರೆ ಕಣ್ಣಿಗೆ ಕಾಣದ ದೂರದ ಅತಿಗೆಂಪು. ನೀರು ಈ ಬೆಳಕನ್ನು ತಕ್ಷಣ ಹೀರಿಬಿಡುತ್ತದೆ. ಮಿದುಳಿನಲ್ಲಿ ನೀರಿನ ಪಾಲೇ ಹೆಚ್ಚಾದ್ದರಿಂದ ಕಿರಣ ಮಿಲಿಮೀಟರಿನ ಸಣ್ಣ ಭಾಗಕ್ಕಿಂತ ಆಳಕ್ಕೆ ಇಳಿಯದೆ ಮೇಲ್ಪದರವನ್ನು ಆವಿ ಮಾಡಿ ಮುಗಿಸುತ್ತದೆ. ಎರಡನೆಯದು ನಿಯೋಡೈಮಿಯಂ ಬೆರೆತ ಯಾಗ್ ಹರಳಿನ ಲೇಸರ್, 1064 ನ್ಯಾನೋಮೀಟರಿನದು. ಇದನ್ನು ನೀರು ಹೆಚ್ಚು ತಡೆಯುವುದಿಲ್ಲ. ಅದು ಕೆಲವು ಮಿಲಿಮೀಟರ್ ಒಳಗೆ ಹೋಗಿ, ಚದುರಿ, ಸುತ್ತಲಿನ ಅಂಗಾಂಶವನ್ನು ಬೇಯಿಸುತ್ತದೆ, ರಕ್ತ ಹೆಪ್ಪುಗಟ್ಟಿಸುತ್ತದೆ. ಮೊದಲನೆಯದು ಕೊರೆಯಲು ಒಳ್ಳೆಯದು, ರಕ್ತಸ್ರಾವ ನಿಲ್ಲಿಸಲು ಅಷ್ಟಕ್ಕಷ್ಟೆ. ಎರಡನೆಯದರ ಕಥೆ ತಿರುಗುಮುರುಗು.

ಈ ಎರಡು ಲೇಸರ್‌ಗಳು ಶಸ್ತ್ರಕೋಣೆಗೆ ಬರುವವರೆಗೆ ವೈದ್ಯರು ಕಾಯಲಿಲ್ಲ. ಕೈಗೆ ಸಿಕ್ಕಿದ್ದ ಮಾಣಿಕ್ಯ ಲೇಸರಿನಿಂದಲೇ ಪ್ರಯೋಗ ಶುರುವಾಯಿತು. ಇಲಿಗಳ ತಲೆಗೆ ಅದರ ತೀವ್ರ ಮಿಂಚನ್ನು ಹಾಯಿಸಿದಾಗ ಅವು ಸತ್ತವು: ಕ್ಷಣಾರ್ಧದಲ್ಲಿ ಒಳಗೆ ಎದ್ದ ಬಿಸಿ ಮತ್ತು ಒತ್ತಡ, ಹಿಗ್ಗಲು ಜಾಗವಿಲ್ಲದ ಬುರುಡೆಯ ಪೆಟ್ಟಿಗೆಯಲ್ಲಿ ಮಿದುಳನ್ನೇ ಛಿದ್ರ ಮಾಡಿದ್ದವು. ಮನುಷ್ಯರಲ್ಲಿ ಮೊದಲ ಯತ್ನ ಹ್ಯೂಬರ್ಟ್ ರೊಸೊಮಾಫ್ ಮತ್ತು ಕ್ಯಾರೊಲ್ ಅವರದು. ಬುರುಡೆ ತೆರೆದು ಕಾಣಿಸಿದ ಮಾರಕ ಗ್ಲಯೋಮಾದ ಮೇಲೆ ಮಾಣಿಕ್ಯ ಲೇಸರಿನ ಮಿಂಚುಗಳನ್ನು ಹಾಯಿಸಿ 1966ರಲ್ಲಿ ಅವರು ವರದಿ ಬರೆದರು. ಅದು ಚಿಕಿತ್ಸೆಯಾಗಿ ಬೆಳೆಯಲಿಲ್ಲ. ಮಿಂಚು ಮಿಂಚಾಗಿ ಬರುವ ಆ ಬೆಳಕನ್ನು ಹದಕ್ಕೆ ತರುವ ಉಪಾಯವೇ ಇರಲಿಲ್ಲ.

ಹದ ಸಿಕ್ಕಿದ್ದು ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ. ಅಲ್ಲಿನ ವಿಶ್ವವಿದ್ಯಾಲಯದ ಫ್ರಿಟ್ಜ್ ಹೆಪ್ನರ್ ಮತ್ತು ಪೀಟರ್ ವುಲ್ಫ್ ಆಶರ್ 1976ರಿಂದ ಕಾರ್ಬನ್ ಡೈಆಕ್ಸೈಡ್ ಲೇಸರನ್ನು ಮಿದುಳಿನ ಗಡ್ಡೆಗಳ ಮೇಲೆ ಬಳಸತೊಡಗಿದರು. ಎಡೆಬಿಡದೆ ಹರಿಯುವ ಕಿರಣ, ಸೂಕ್ಷ್ಮದರ್ಶಕಕ್ಕೆ ಜೋಡಿಸಿದ ಕನ್ನಡಿ, ಕನ್ನಡಿಯನ್ನು ತಿರುಗಿಸುವ ಸಣ್ಣ ಹಿಡಿ. ಕಿರಣ ಕಾಣದ್ದರಿಂದ ಅದರ ಜೊತೆಗೆ ಕೆಂಪು ಹೀಲಿಯಂ–ನಿಯಾನ್ ಬೆಳಕಿನ ಚುಕ್ಕೆಯೊಂದನ್ನು ಕಳಿಸುತ್ತಿದ್ದರು. ಚುಕ್ಕೆ ಬಿದ್ದ ಕಡೆ ಗಡ್ಡೆ ಪದರ ಪದರವಾಗಿ ಹೊಗೆಯಾಗಿ ಹೋಗುತ್ತಿತ್ತು, ಹೊಗೆಯನ್ನು ಹೀರುಕೊಳವೆ ಎಳೆದುಕೊಳ್ಳುತ್ತಿತ್ತು. ಇದರ ದೊಡ್ಡ ಲಾಭ, ಮುಟ್ಟದೆ ತೆಗೆಯುವುದು. ಬುರುಡೆಯ ತಳದಲ್ಲಿ, ಶ್ರವಣ ನರದ ಸುತ್ತ, ಮಿದುಳ ಕಾಂಡಕ್ಕೆ ಅಂಟಿದಂತೆ ಬೆಳೆದ ಗಟ್ಟಿ ಗಡ್ಡೆಗಳನ್ನು ಚಿಮಟದಿಂದ ಎಳೆದರೆ ಆ ಎಳೆತವೇ ಪಕ್ಕದ ನರಕ್ಕೆ ಪೆಟ್ಟು ಕೊಡುತ್ತದೆ. ಲೇಸರ್ ಅಂಥ ಗಡ್ಡೆಯ ಒಡಲನ್ನು ಒಳಗಿನಿಂದ ಟೊಳ್ಳು ಮಾಡುತ್ತದೆ. ಆಮೇಲೆ ಉಳಿದ ಸಿಪ್ಪೆಯನ್ನು ಒಳಕ್ಕೆ ಮಡಚಿ ಬಿಡಿಸಬಹುದು. ಅಮೆರಿಕದಲ್ಲಿ ಪ್ಯಾಟ್ರಿಕ್ ಕೆಲ್ಲಿ 1980ರ ದಶಕದಲ್ಲಿ ಇನ್ನೊಂದು ಹೆಜ್ಜೆ ಹೋದರು. ಸಿ.ಟಿ. ಸ್ಕ್ಯಾನ್‌ನಿಂದ ಗಡ್ಡೆಯ ಆಕಾರವನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಪ್ರತಿ ಆಳದಲ್ಲೂ ಗಡ್ಡೆಯ ಗಡಿ ಎಲ್ಲಿ ಬರಬೇಕೆಂಬ ರೇಖೆಯನ್ನು ಶಸ್ತ್ರವೈದ್ಯರ ಕಣ್ಣೆದುರಿಗೆ ತಂದು, ಕಿರಿದಾದ ಕೊಳವೆಯ ಮೂಲಕ ಲೇಸರ್ ಹಾಯಿಸಿ ಆಳದ ಗಡ್ಡೆಗಳನ್ನು ತೆಗೆದರು. ಇಂದು ಶಸ್ತ್ರವೈದ್ಯರಿಗೆ ಮಿದುಳಿನೊಳಗೆ ದಾರಿ ತೋರುವ ನ್ಯಾವಿಗೇಷನ್ ಯಂತ್ರಗಳ ಹಿಂದೆ ಆ ಯೋಚನೆ ಇದೆ.

ಇಷ್ಟಾದರೂ ಲೇಸರ್ ಮಿದುಳಿನ ಶಸ್ತ್ರಕೋಣೆಯಲ್ಲಿ ನೆಲೆ ನಿಲ್ಲಲಿಲ್ಲ. ಕಾರಣಗಳು ನೀರಸವಾದವು, ಆದರೆ ನಿರ್ಣಾಯಕ. ದೂರದ ಅತಿಗೆಂಪು ಬೆಳಕು ಸಾಮಾನ್ಯ ಗಾಜಿನ ಎಳೆಯಲ್ಲಿ ಹರಿಯದು. ಅದಕ್ಕೆ ಕನ್ನಡಿಗಳಿರುವ ಗೆಣ್ಣುಗೆಣ್ಣಿನ ಭಾರಿ ತೋಳು ಬೇಕು. ಕೈಯಲ್ಲಿ ಹಿಡಿದ ಉಪಕರಣಕ್ಕೆ ಇರುವ ಸ್ಪರ್ಶಜ್ಞಾನ ಕಿರಣಕ್ಕಿಲ್ಲ. ದೊಡ್ಡ ಗಡ್ಡೆಯನ್ನು ಪದರ ಪದರವಾಗಿ ಆವಿ ಮಾಡುತ್ತಾ ಕೂರುವುದು ನಿಧಾನದ ಕೆಲಸ. 1970ರ ದಶಕದ ಕೊನೆಗೆ ಬಂದ ಅಲ್ಟ್ರಾಸೋನಿಕ್ ಆಸ್ಪಿರೇಟರ್, ಕಂಪನದಿಂದ ಗಡ್ಡೆಯನ್ನು ಪುಡಿಗಟ್ಟಿ ಹೀರುವ ಸಾಧನ, ಅದೇ ಕೆಲಸವನ್ನು ಬೇಗ ಮಾಡಿತು. ರಕ್ತಸ್ರಾವ ತಡೆಯಲು ಹಾರ್ವೆ ಕುಷಿಂಗ್ ಮತ್ತು ವಿಲಿಯಂ ಬೋವಿ 1926ರಲ್ಲೇ ತಂದಿದ್ದ ವಿದ್ಯುತ್ ದಹನದ ಸುಧಾರಿತ ರೂಪಗಳು ಇದ್ದೇ ಇದ್ದವು. ಮುಂದೆ ಅಮೆರಿಕದ ಎಂಐಟಿಯಲ್ಲಿ ಯೋಯೆಲ್ ಫಿಂಕ್ ತಂಡ ಕಾರ್ಬನ್ ಡೈಆಕ್ಸೈಡ್ ಲೇಸರನ್ನು ಸಾಗಿಸಬಲ್ಲ ಟೊಳ್ಳು ಎಳೆಯನ್ನು ರೂಪಿಸಿದ ಮೇಲೆ ಮೊದಲ ತೊಡಕು ನೀಗಿತು, ಗಟ್ಟಿ ಮೆನಿಂಜಿಯೋಮಾಗಳಿಗೆ ಆ ಸಾಧನ ಈಗಲೂ ಅಲ್ಲಲ್ಲಿ ಬಳಕೆಯಲ್ಲಿದೆ. ಆದರೆ ಹಳೆಯ ಸಾಧನಗಳಿಂದ ಆಗದ ಯಾವ ಕೆಲಸವನ್ನು ಕತ್ತರಿಸುವ ಲೇಸರ್ ಮಾಡಿತು ಎಂದು ಕೇಳಿದರೆ ಉತ್ತರ ಚಿಕ್ಕದು.

ಲೇಸರಿಗೆ ಮಿದುಳಿನಲ್ಲಿ ತನ್ನದೇ ಆದ ಕೆಲಸ ಸಿಕ್ಕಿದ್ದು ಕತ್ತರಿಸುವುದನ್ನು ಬಿಟ್ಟಾಗ. ಲಂಡನ್ನಿನ ಸ್ಟೀಫನ್ ಬೌನ್ 1983ರಲ್ಲಿ ಒಂದು ಸಲಹೆ ಮುಂದಿಟ್ಟರು: ತೆಳ್ಳನೆಯ ಗಾಜಿನ ಎಳೆಯನ್ನು ಗಡ್ಡೆಯೊಳಕ್ಕೇ ತೂರಿಸಿ, ಕಡಿಮೆ ಶಕ್ತಿಯ ಯಾಗ್ ಲೇಸರ್ ಹಾಯಿಸಿ, ಗಡ್ಡೆಯನ್ನು ಇದ್ದಲ್ಲೇ ನಿಧಾನವಾಗಿ ಬೇಯಿಸಿದರೆ ಹೇಗೆ? ಹೊರತೆಗೆಯುವುದೇ ಬೇಡ, ಸತ್ತ ಅಂಗಾಂಶವನ್ನು ದೇಹವೇ ತಿಂಗಳುಗಳಲ್ಲಿ ಕರಗಿಸಿಕೊಳ್ಳುತ್ತದೆ. ಇದೇ ಮುಂದೆ ಲೇಸರ್ ಇಂಟರ್‌ಸ್ಟಿಷಿಯಲ್ ಥರ್ಮಲ್ ಥೆರಪಿ ಎಂದಾಯಿತು; ವೈದ್ಯರ ಬಾಯಲ್ಲಿ ಲಿಟ್. ಜಪಾನಿನ ಸುಗಿಯಾಮಾ ತಂಡ 1990ರಲ್ಲಿ ಮಿದುಳಿನ ಗಡ್ಡೆಗಳಲ್ಲಿ ಇದನ್ನು ಬಳಸಿದ ವರದಿ ಕೊಟ್ಟಿತು.

ಯೋಚನೆ ಸರಳ, ಅಪಾಯ ಅಷ್ಟೇ ಸರಳ. ತೆರೆದ ಶಸ್ತ್ರಕ್ರಿಯೆಯಲ್ಲಿ ಲೇಸರ್ ಎಲ್ಲಿ ಸುಡುತ್ತಿದೆ ಎಂದು ಕಣ್ಣಿಗಾದರೂ ಕಾಣುತ್ತದೆ. ಮುಚ್ಚಿದ ಬುರುಡೆಯೊಳಗೆ, ಆರೇಳು ಸೆಂಟಿಮೀಟರ್ ಆಳದಲ್ಲಿ, ಬಿಸಿ ಎಷ್ಟು ದೂರ ಹರಡಿತು ಎಂದು ತಿಳಿಯುವುದು ಹೇಗೆ? ಪಕ್ಕದಲ್ಲೊಂದು ದೊಡ್ಡ ರಕ್ತನಾಳ ಇದ್ದರೆ ಅದು ಬಿಸಿಯನ್ನು ಹೊತ್ತೊಯ್ಯುತ್ತದೆ, ಆ ಬದಿಯ ಗಡ್ಡೆ ಬೇಯದೆ ಉಳಿಯುತ್ತದೆ. ಗಡ್ಡೆಯೊಳಗೆ ದ್ರವ ತುಂಬಿದ ಪೊಳ್ಳಿದ್ದರೆ ಬಿಸಿ ಎತ್ತ ಹೋಗುವುದೋ ಹೇಳಲಾಗದು. ಉಷ್ಣಮಾಪಕದ ಸೂಜಿಗಳನ್ನು ಚುಚ್ಚಿ ನೋಡುವ ಯತ್ನಗಳೂ ನಡೆದವು, ಆದರೆ ನಾಲ್ಕು ಸೂಜಿ ನಾಲ್ಕು ಬಿಂದುಗಳ ಸುದ್ದಿಯನ್ನಷ್ಟೇ ಕೊಡುತ್ತವೆ.

ಪರಿಹಾರ ಬಂದದ್ದು ಎಂಆರ್‌ಐ ಯಂತ್ರದಿಂದ. ಎಂಆರ್‌ಐ ಕೇಳಿಸಿಕೊಳ್ಳುವುದು ನೀರಿನ ಅಣುವಿನಲ್ಲಿರುವ ಹೈಡ್ರೋಜನ್ ಬೀಜಗಳ ಅನುರಣನವನ್ನು. 1.5 ಟೆಸ್ಲಾ ಬಲದ ಯಂತ್ರದಲ್ಲಿ ಅದರ ಆವೃತ್ತಿ ಸುಮಾರು 6.4 ಕೋಟಿ ಹರ್ಟ್ಸ್. ನೀರು ಬಿಸಿಯಾದಾಗ ಅಣುಗಳ ನಡುವಿನ ಹೈಡ್ರೋಜನ್ ಬಂಧಗಳು ಸಡಿಲಗೊಂಡು, ಬೀಜದ ಸುತ್ತಲಿನ ಎಲೆಕ್ಟ್ರಾನ್ ಮರೆ ಸ್ವಲ್ಪ ದಟ್ಟವಾಗುತ್ತದೆ, ಆವೃತ್ತಿ ಕೂದಲೆಳೆಯಷ್ಟು ಇಳಿಯುತ್ತದೆ. ಒಂದು ಡಿಗ್ರಿ ಸೆಲ್ಸಿಯಸ್‌ಗೆ ಹತ್ತು ಕೋಟಿಯಲ್ಲಿ ಒಂದು ಪಾಲು, ಅಂದರೆ ಮೇಲಿನ ಯಂತ್ರದಲ್ಲಿ ಸುಮಾರು 0.64 ಹರ್ಟ್ಸ್. ಇಷ್ಟು ಸಣ್ಣ ವ್ಯತ್ಯಾಸವನ್ನೂ ಯಂತ್ರ ಗುರುತಿಸಬಲ್ಲದು. ಚಿತ್ರದ ಪ್ರತಿ ಚುಕ್ಕೆಯಲ್ಲೂ ಈ ಇಳಿಕೆಯನ್ನು ಅಳೆದರೆ ಮಿದುಳಿನ ಒಳಗಿನ ಬಿಸಿಯ ನಕಾಶೆಯೇ ಕೆಲವು ಸೆಕೆಂಡುಗಳಿಗೊಮ್ಮೆ ಪರದೆಯ ಮೇಲೆ ಮೂಡುತ್ತದೆ. ಬಾಸ್ಟನ್ನಿನ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆಯ ಫೆರೆಂಕ್ ಯೋಲೆಸ್ ಈ ದಾರಿಯ ಮುಂಚೂಣಿಯಲ್ಲಿದ್ದವರು. 1990ರ ದಶಕದ ಆರಂಭದಲ್ಲಿ ಇದೇ ದಾರಿ ಹಿಡಿದವರಲ್ಲಿ ಗ್ರಾಜ್‌ನ ಅದೇ ಆಶರ್ ಕೂಡ ಇದ್ದರು ಎಂಬುದು ಗಮನಿಸಬೇಕಾದ ಸಂಗತಿ. ಕತ್ತರಿಸುವ ಲೇಸರನ್ನು ಮಿದುಳಿಗೆ ತಂದ ವ್ಯಕ್ತಿಯೇ ಅದನ್ನು ಕತ್ತರಿಸದ ಕೆಲಸಕ್ಕೂ ಹಚ್ಚಿದರು.

ಬಿಸಿ ತಿಳಿದರೆ ಸಾಲದು, ಅದು ಎಷ್ಟು ಹೊತ್ತು ಇತ್ತು ಎಂಬುದೂ ಬೇಕು. ಜೀವಕೋಶದ ಸಾವು ಈ ಎರಡನ್ನೂ ಅವಲಂಬಿಸಿದೆ. ಇದಕ್ಕೆ 43 ಡಿಗ್ರಿಯನ್ನು ಅಳತೆಗೋಲಾಗಿ ಇಟ್ಟುಕೊಳ್ಳುತ್ತಾರೆ. ಅದರ ಮೇಲೆ ಪ್ರತಿ ಒಂದು ಡಿಗ್ರಿ ಏರಿದಾಗ ಬೇಕಾದ ಸಮಯ ಅರ್ಧವಾಗುತ್ತದೆ. 43 ಡಿಗ್ರಿಯಲ್ಲಿ 60 ನಿಮಿಷ ಹಿಡಿಯುವ ಹಾನಿ 50 ಡಿಗ್ರಿಯಲ್ಲಿ ಅರ್ಧ ನಿಮಿಷದೊಳಗೆ ಮುಗಿಯುತ್ತದೆ. 60 ಡಿಗ್ರಿ ದಾಟಿದರೆ ಪ್ರೋಟೀನುಗಳು ಕ್ಷಣದಲ್ಲಿ ಹೆಪ್ಪುಗಟ್ಟಿ ಕೋಶ ಅಲ್ಲೇ ಸಾಯುತ್ತದೆ. ಹಾಗೆಂದು ಬಿಸಿಯನ್ನು ಬೇಕಾಬಿಟ್ಟಿ ಏರಿಸಲಾಗದು. ನೂರರ ಹತ್ತಿರ ಹೋದರೆ ಅಂಗಾಂಶ ಕುದಿದು, ಕರಿಕಾಗಿ, ಎಳೆಯ ತುದಿಗೆ ಮೆತ್ತಿಕೊಳ್ಳುತ್ತದೆ. ಆ ಕರಿ ಬೆಳಕನ್ನೆಲ್ಲ ತಾನೇ ಹೀರಿ ಮುಂದಕ್ಕೆ ಬಿಡುವುದಿಲ್ಲ, ತುದಿಯೇ ಸುಟ್ಟುಹೋಗಬಹುದು. ಆದ್ದರಿಂದ ಎಳೆಯ ತುದಿಯನ್ನು ಸದಾ ತಣಿಸುತ್ತಿರಬೇಕು.

ಎರಡು ಯಂತ್ರಗಳು ಬಳಕೆಗೆ ಬಂದವು. ವಿಷುವಲೇಸ್ ಎಂಬುದು ಹ್ಯೂಸ್ಟನ್ನಿನಲ್ಲಿ ಹುಟ್ಟಿದ್ದು. 2007ರಲ್ಲಿ ಅದು ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಯ ಒಪ್ಪಿಗೆ ಪಡೆಯಿತು. ಅದರ ಡಯೋಡ್ ಲೇಸರ್ 980 ನ್ಯಾನೋಮೀಟರಿನದು, ಗರಿಷ್ಠ 15 ವ್ಯಾಟ್. ಎಳೆಯ ಸುತ್ತ ಉಪ್ಪುನೀರು ಹರಿದು ತಣಿಸುತ್ತದೆ. ಪ್ಯಾರಿಸಿನಲ್ಲಿ ಅಲೆಕ್ಸಾಂಡ್ರ್ ಕಾರ್ಪೆಂಟಿಯೆ 2008ರಲ್ಲಿ ಇದನ್ನು ಮಿದುಳಿಗೆ ಹರಡಿದ ಕ್ಯಾನ್ಸರ್ ಗಡ್ಡೆಗಳ ಮೇಲೆ ಬಳಸಿದ ವರದಿ ಪ್ರಕಟಿಸಿದರು. ಇನ್ನೊಂದು 2009ರಲ್ಲಿ ಒಪ್ಪಿಗೆ ಪಡೆದ ನ್ಯೂರೋಬ್ಲೇಟ್. ಅದು 1064 ನ್ಯಾನೋಮೀಟರಿನ ಬೆಳಕು ಬಳಸುತ್ತದೆ, ಬೇಕೆಂದರೆ ಕಿರಣವನ್ನು ಒಂದೇ ಬದಿಗೆ ಹಾಯಿಸುತ್ತದೆ. ದುಂಡಗಿಲ್ಲದ ಗಡ್ಡೆಗಳಿಗೆ ಇದು ಅನುಕೂಲ. ಅದರ ತುದಿಯನ್ನು ತಣಿಸುವುದು ಒತ್ತಡದಿಂದ ಬಿಡುಗಡೆಯಾಗಿ, ಹಿಗ್ಗಿ ತಂಪಾಗುವ ಕಾರ್ಬನ್ ಡೈಆಕ್ಸೈಡ್. ಹಿಂದೆ ಗ್ರಾಜ್‌ನಲ್ಲಿ ಕಿರಣವನ್ನು ಹುಟ್ಟಿಸಿದ ಅನಿಲ ಇಲ್ಲಿ ಬಿಸಿಯನ್ನು ಕಟ್ಟಿಹಾಕುವ ಕೆಲಸಕ್ಕೆ ನಿಂತಿದೆ.

ಚಿಕಿತ್ಸೆ ನಡೆಯುವ ಕ್ರಮ ಹೀಗೆ. ಮೊದಲು ಸ್ಕ್ಯಾನ್‌ಗಳ ಮೇಲೆ ಹಾದಿ ಗೊತ್ತುಮಾಡುತ್ತಾರೆ: ರಕ್ತನಾಳ, ದ್ರವಕೋಣೆ, ಮುಖ್ಯ ನರಮಾರ್ಗಗಳನ್ನು ತಪ್ಪಿಸಿ, ಗಡ್ಡೆಯ ಉದ್ದನೆಯ ಅಕ್ಷದಲ್ಲಿ ಸಾಗುವ ನೇರ ಗೆರೆ. ಬಹುತೇಕ ಸಂದರ್ಭಗಳಲ್ಲಿ ರೋಗಿಗೆ ಪೂರ್ತಿ ಅರಿವಳಿಕೆ ಕೊಟ್ಟಿರುತ್ತಾರೆ. ತಲೆಯನ್ನು ಚೌಕಟ್ಟಿನಲ್ಲಿ ಅಲುಗದಂತೆ ಹಿಡಿದು, ಚರ್ಮದಲ್ಲಿ ಸಣ್ಣ ಗೀರು ಹಾಕಿ, ಬುರುಡೆಯಲ್ಲಿ ಮೂರರಿಂದ ನಾಲ್ಕೂವರೆ ಮಿಲಿಮೀಟರ್ ಅಗಲದ ತೂತು ಕೊರೆದು, ಎಳೆಯನ್ನು ಗುರಿಯಲ್ಲಿ ನಿಲ್ಲಿಸುವ ಬೋಲ್ಟನ್ನು ಬಿಗಿಯುತ್ತಾರೆ. ಅದೇ ತೂತಿನಿಂದ ಬಯಾಪ್ಸಿ ತೆಗೆದುಕೊಳ್ಳುವುದು ವಾಡಿಕೆ, ಯಾಕೆಂದರೆ ಬೆಂದ ಮೇಲೆ ಗಡ್ಡೆಯ ಜಾತಿ ತಿಳಿಯುವ ಅವಕಾಶ ಮತ್ತೆ ಸಿಗದು. ಆಮೇಲೆ ಎಳೆಯನ್ನು ಇಳಿಸಿ ರೋಗಿಯನ್ನು ಎಂಆರ್‌ಐ ಒಳಗೆ ಸಾಗಿಸುತ್ತಾರೆ. ಮೊದಲು ತೀರ ಸಣ್ಣ ಶಕ್ತಿ ಹಾಯಿಸಿ ಬಿಸಿ ಎಣಿಸಿದಲ್ಲೇ ಏರುತ್ತಿದೆಯೇ ಎಂದು ನೋಡಿ, ಬಳಿಕ ನಿಜವಾದ ಕಾವು. ಪರದೆಯ ಮೇಲೆ ವೈದ್ಯರು ಕಾವಲು ಬಿಂದುಗಳನ್ನು ಗುರುತಿಸಿರುತ್ತಾರೆ: ಎಳೆಯ ಹತ್ತಿರ 90 ಡಿಗ್ರಿ, ಉಳಿಸಬೇಕಾದ ಭಾಗದ ಅಂಚಿನಲ್ಲಿ 45ರಿಂದ 50 ಡಿಗ್ರಿ. ಯಾವ ಬಿಂದು ಮಿತಿ ಮುಟ್ಟಿದರೂ ಲೇಸರ್ ತಾನಾಗಿ ಆರುತ್ತದೆ. ಸತ್ತ ಭಾಗದ ಅಂದಾಜು ಗಡಿ ಬಣ್ಣದ ಗೆರೆಯಾಗಿ ಹಿಗ್ಗುತ್ತಾ ಹೋಗುತ್ತದೆ, ಗೆರೆ ಗಡ್ಡೆಯ ಅಂಚು ಮುಟ್ಟಿದಾಗ ನಿಲ್ಲಿಸುತ್ತಾರೆ. ಒಂದು ಸುತ್ತಿನ ಕಾವು ಕೆಲವೇ ನಿಮಿಷಗಳದು. ತಯಾರಿ ಮತ್ತು ಸಾಗಣೆಗೇ ಬಹಳ ಹೊತ್ತು ಬೇಕು. ಗೀರಿಗೆ ಒಂದೆರಡು ಹೊಲಿಗೆ ಸಾಕು. ಎಷ್ಟೋ ರೋಗಿಗಳು ಒಂದೆರಡು ದಿನಗಳಲ್ಲಿ ಮನೆಗೆ ಹೋಗುತ್ತಾರೆ.

ಯಾವ ಗಡ್ಡೆಗೆ ಇದು ಸಲ್ಲುತ್ತದೆ? ಚಿಕ್ಕದು, ಆಳದ್ದು, ತೆರೆದ ಶಸ್ತ್ರಕ್ರಿಯೆಯಿಂದ ತಲುಪಲು ಕಷ್ಟವಾದದ್ದು. ಸುಮಾರು ಮೂರು ಸೆಂಟಿಮೀಟರ್ ವ್ಯಾಸದವರೆಗೆ ಒಂದು ಎಳೆ ಸಾಕಾಗುತ್ತದೆ. ಅದಕ್ಕೂ ದೊಡ್ಡದಾದರೆ ಸತ್ತ ಅಂಗಾಂಶ ಹೊರಹೋಗದೆ ಒಳಗೇ ಊದಿಕೊಂಡು ಬುರುಡೆಯೊಳಗಿನ ಒತ್ತಡ ಏರುತ್ತದೆ. ತೆರೆದ ಶಸ್ತ್ರಕ್ರಿಯೆ ಜಾಗ ಮಾಡಿಕೊಡುತ್ತದೆ, ಲಿಟ್ ಮಾಡಿಕೊಡುವುದಿಲ್ಲ. ಈಗಾಗಲೇ ಗಡ್ಡೆಯ ಒತ್ತಡದಿಂದ ನರಳುತ್ತಿರುವ ರೋಗಿಗೆ ಇದು ತಪ್ಪು ಆಯ್ಕೆಯಾಗುವುದು ಅದಕ್ಕೇ. ಚಿಕಿತ್ಸೆಯ ನಂತರದ ಊತಕ್ಕೆ ಡೆಕ್ಸಾಮೆಥಸೋನ್ ಕೊಡುತ್ತಾರೆ. ಮೊದಮೊದಲ ಸ್ಕ್ಯಾನ್‌ಗಳಲ್ಲಿ ಗಡ್ಡೆ ಇದ್ದ ಜಾಗ ಮೊದಲಿಗಿಂತ ದೊಡ್ಡದಾಗಿ ಕಾಣುವುದೂ ಉಂಟು. ಇದನ್ನು ಮುಂಚೆಯೇ ತಿಳಿಸಿರದಿದ್ದರೆ ಮನೆಯವರು ಕಂಗಾಲಾಗುವುದು ಸಹಜ.

ಲಿಟ್‌ಗೆ ಅತ್ಯಂತ ಸಹಜವಾಗಿ ಒದಗಿಬಂದ ಕೆಲಸ ಒಂದುಂಟು. ಮಿದುಳಿಗೆ ಹರಡಿದ ಕ್ಯಾನ್ಸರ್ ಗಡ್ಡೆಗೆ ವಿಕಿರಣ ಕೊಟ್ಟು ಕೆಲವು ತಿಂಗಳಾದ ಮೇಲೆ ಅದೇ ಜಾಗ ಮತ್ತೆ ಹಿಗ್ಗತೊಡಗುವುದುಂಟು. ಅದು ಮರಳಿ ಬಂದ ಗಡ್ಡೆಯೋ, ವಿಕಿರಣದಿಂದ ಸತ್ತ ಮಿದುಳು ಊದಿಕೊಂಡದ್ದೋ, ಸ್ಕ್ಯಾನ್ ನೋಡಿ ಹೇಳುವುದು ಕಷ್ಟ. ಲೇಸರ್ ಎರಡನ್ನೂ ಒಂದೇ ರೀತಿ ಸುಡುತ್ತದೆ, ಬಯಾಪ್ಸಿಯೂ ಅದೇ ಹೊತ್ತಿಗೆ ಆಗುತ್ತದೆ. ಇಂಥ 42 ರೋಗಿಗಳ ಮೇಲೆ ಅಮೆರಿಕದ ಹಲವು ಆಸ್ಪತ್ರೆಗಳು ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ವಿಕಿರಣದ ಹಾನಿ ಇದ್ದವರು ಗಡ್ಡೆ ಮರುಕಳಿಸಿದವರಿಗಿಂತ ಚೆನ್ನಾಗಿ ಚೇತರಿಸಿಕೊಂಡಿದ್ದರು. ಹ್ಯೂಸ್ಟನ್ನಿನ ಟೆಕ್ಸಸ್ ಮಕ್ಕಳ ಆಸ್ಪತ್ರೆಯಲ್ಲಿ ಇನ್ನೊಂದು ಬಗೆಯ ಬೆಳವಣಿಗೆಗೆ ಲೇಸರ್ ಹೊಂದಿಕೊಂಡಿತು. ಹೈಪೋಥಲಾಮಸ್‌ನ ಹಮಾರ್ಟೋಮಾ ಎಂಬ ಗಂಟು ಹುಟ್ಟಿನಿಂದಲೇ ಇದ್ದು, ಮಕ್ಕಳಲ್ಲಿ ಕಾರಣವಿಲ್ಲದ ನಗೆಯ ರೂಪದ ಮೂರ್ಛೆಯನ್ನು ತರುತ್ತದೆ. ಅದು ಇರುವುದು ಮಿದುಳಿನ ಬುಡದ ನಟ್ಟನಡುವೆ, ದೃಷ್ಟಿನರ ಮತ್ತು ಪಿಟ್ಯೂಟರಿಯ ನೆರೆಯಲ್ಲಿ. ಅಲ್ಲಿಗೆ ಕತ್ತಿ ಹಿಡಿದು ಹೋಗುವುದೆಂದರೆ ಅನೇಕ ತೊಂದರೆಗಳಿಗೆ ಬಾಗಿಲು ತೆರೆದಂತೆ. ಎಳೆ ಅಲ್ಲಿಗೆ ಅಷ್ಟೇನೂ ಗದ್ದಲವಿಲ್ಲದೆ ತಲುಪುತ್ತದೆ.

ಗ್ಲಯೋಬ್ಲಾಸ್ಟೋಮಾದ ಮಾತು ಬಂದಾಗ ಭಾಷೆ ಎಚ್ಚರದಿಂದಿರಬೇಕು. ಕ್ಲೀವ್‌ಲ್ಯಾಂಡಿನಲ್ಲಿ ಮರುಕಳಿಸಿದ ಗ್ಲಯೋಬ್ಲಾಸ್ಟೋಮಾದ ಮೇಲೆ ನ್ಯೂರೋಬ್ಲೇಟಿನ ಮೊದಲ ಮಾನವ ಪರೀಕ್ಷೆ ನಡೆದು 2013ರಲ್ಲಿ ಪ್ರಕಟವಾಯಿತು. ಗಡ್ಡೆಯ ಹೆಚ್ಚು ಭಾಗ ಬೆಂದಷ್ಟೂ ರೋಗ ಮರಳುವುದು ತಡವಾಗುತ್ತದೆ ಎಂದು ಆಮೇಲಿನ ಅಧ್ಯಯನಗಳು ತೋರಿಸಿದವು. ಅಷ್ಟರಿಂದ ರೋಗ ವಾಸಿಯಾಗುತ್ತದೆ ಎಂದು ಹೇಳುವಂತಿಲ್ಲ. ಬೇರುಗಳು ಎಂಆರ್‌ಐ ಗೆರೆಯ ಆಚೆ ಇರುತ್ತವೆ, ಲೇಸರಿಗೂ ಅವು ಕಾಣುವುದಿಲ್ಲ. ಇರುವ ಪುರಾವೆಗಳಲ್ಲಿ ಹೆಚ್ಚಿನವು ಒಂದೊಂದು ಆಸ್ಪತ್ರೆಯ ಅನುಭವದ ದಾಖಲೆಗಳು. ರೋಗಿಗಳನ್ನು ಆರಿಸುವಾಗಲೇ ಚಿಕ್ಕ ಗಡ್ಡೆಯವರು ಲೇಸರ್ ಕಡೆಗೂ ದೊಡ್ಡ ಗಡ್ಡೆಯವರು ಕತ್ತಿಯ ಕಡೆಗೂ ಹೋಗುವುದರಿಂದ ಎರಡನ್ನೂ ನೇರ ಹೋಲಿಸುವುದು ಮೋಸದ ಲೆಕ್ಕವಾಗುತ್ತದೆ. ಕುತೂಹಲದ ಬೇರೊಂದು ಫಲವನ್ನು ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದ ವೈದ್ಯರು 2016ರಲ್ಲಿ ವರದಿ ಮಾಡಿದರು. ರಕ್ತದಿಂದ ಮಿದುಳಿಗೆ ಔಷಧಗಳು ಇಳಿಯದಂತೆ ತಡೆಯುವ ಸಹಜ ಗೋಡೆ, ಕಾವು ತಾಗಿದ ಅಂಚಿನಲ್ಲಿ ತೆರೆದುಕೊಳ್ಳುತ್ತದೆ. ಒಂದೆರಡು ವಾರಗಳಲ್ಲಿ ಆ ತೆರೆಪು ಉತ್ತುಂಗ ಮುಟ್ಟಿ, ನಾಲ್ಕರಿಂದ ಆರು ವಾರಗಳಲ್ಲಿ ಮುಚ್ಚುತ್ತದೆ. ಬೇರುಗಳಿರುವುದು ಆ ಅಂಚಿನಲ್ಲೇ. ಸಾಮಾನ್ಯವಾಗಿ ಮಿದುಳನ್ನು ಹೊಗದ ಔಷಧಗಳನ್ನು ಆ ಅವಧಿಯಲ್ಲಿ ಕೊಟ್ಟರೆ ಹೇಗೆಂಬ ಪರೀಕ್ಷೆಗಳು ಅಲ್ಲಿಂದ ಹೊರಟವು.

ಬಿಸಿಯ ನಕಾಶೆಯನ್ನು ಪೂರ್ತಿ ನಂಬುವಂತೆಯೂ ಇಲ್ಲ. 2018ರ ಏಪ್ರಿಲ್‌ನಲ್ಲಿ ಎಫ್‌ಡಿಎ ವೈದ್ಯರಿಗೆ ಎಚ್ಚರಿಕೆಯ ಪತ್ರ ಬರೆಯಿತು: ಎಂಆರ್‌ಐ ತೋರಿಸುವ ಉಷ್ಣತೆ ನಿಜವಾದ ಉಷ್ಣತೆಗಿಂತ ಹಿಂದೆ ಬೀಳಬಹುದು, ಅದರಿಂದ ಅಂಗಾಂಶ ಅಂದಾಜು ಮೀರಿ ಬೆಂದುಹೋಗಬಹುದು. ಚಿತ್ರ ಮೂಡಲು ಬೇಕಾದ ಕೆಲವು ಸೆಕೆಂಡುಗಳಲ್ಲಿ ಬಿಸಿ ಮುಂದಕ್ಕೆ ಹೋಗಿರುತ್ತದೆ. ಲೇಸರ್ ಆರಿದ ಮೇಲೂ ಸ್ವಲ್ಪ ಹೊತ್ತು ಹರಡುತ್ತಿರುತ್ತದೆ. ರಕ್ತದ ಕಲೆ, ಗಾಳಿಯ ಗುಳ್ಳೆ, ರೋಗಿಯ ಸಣ್ಣ ಅಲುಗಾಟ, ಇವುಗಳಲ್ಲಿ ಯಾವುದು ಬೇಕಾದರೂ ಆವೃತ್ತಿಯ ಲೆಕ್ಕವನ್ನು ಕೆಡಿಸಬಲ್ಲದು. ಜೊತೆಗೆ ಯಂತ್ರ ಅಳೆಯುವುದು ಏರಿಕೆಯನ್ನು ಮಾತ್ರ. ಆರಂಭದ ದೇಹದ ಉಷ್ಣತೆಯನ್ನು ತಪ್ಪಾಗಿ ಕೊಟ್ಟರೆ ಉಳಿದೆಲ್ಲ ಅಂಕಿಗಳೂ ಅಷ್ಟೇ ತಪ್ಪು.

ಸುಡದೆ ಕೊಲ್ಲುವ ಲೇಸರೂ ಇದೆ. ಗಡ್ಡೆಯ ಕೋಶಗಳಲ್ಲಿ ಹೆಚ್ಚಾಗಿ ಸೇರಿಕೊಳ್ಳುವ ಔಷಧವೊಂದನ್ನು ಮೊದಲು ಕೊಟ್ಟು, ಆ ಔಷಧ ಹೀರುವ ತರಂಗಾಂತರದ ಸೌಮ್ಯ ಬೆಳಕನ್ನು ಹಾಯಿಸಿದರೆ ಅದು ಆಕ್ಸಿಜನ್ನಿನ ಉಗ್ರ ರೂಪವೊಂದನ್ನು ಹುಟ್ಟಿಸಿ ಕೋಶವನ್ನು ಒಳಗಿನಿಂದ ಕೊಲ್ಲುತ್ತದೆ. ಇಟಲಿಯ ಜಿನೋವಾದಲ್ಲಿ ಪೆರಿಯಾ ತಂಡ 1980ರಲ್ಲಿ ಗ್ಲಯೋಮಾಗಳ ಮೇಲಿನ ಇಂಥ ಯತ್ನಗಳನ್ನು ವರದಿ ಮಾಡಿತು. ಜಪಾನ್ 2013ರಲ್ಲಿ ಟಾಲಪೋರ್ಫಿನ್ ಎಂಬ ಔಷಧ ಮತ್ತು 664 ನ್ಯಾನೋಮೀಟರಿನ ಕೆಂಪು ಲೇಸರಿನ ಜೋಡಿಗೆ ಮಾರಕ ಮಿದುಳು ಗಡ್ಡೆಗಳಲ್ಲಿ ಬಳಸಲು ಒಪ್ಪಿಗೆ ಕೊಟ್ಟಿತು. ಔಷಧವನ್ನು ಹಿಂದಿನ ದಿನ ಕೊಟ್ಟು, ಗಡ್ಡೆ ತೆಗೆದಾದ ಮೇಲೆ ಉಳಿದ ಗುಳಿಯ ಗೋಡೆಗೆ ಲೇಸರ್ ಹಾಯಿಸುತ್ತಾರೆ. ರೋಗಿ ಕೆಲವು ದಿನ ಬಿಸಿಲಿನಿಂದ ದೂರವಿರಬೇಕು, ಚರ್ಮದಲ್ಲೂ ಸ್ವಲ್ಪ ಔಷಧ ಉಳಿದಿರುತ್ತದೆ. ಕೆಂಪು ಬೆಳಕು ಮಿದುಳಿನಲ್ಲಿ ಒಂದು ಸೆಂಟಿಮೀಟರಿಗಿಂತ ಆಳಕ್ಕೆ ಬಲವಾಗಿ ಇಳಿಯದು ಎಂಬುದೇ ಇದರ ಎಲ್ಲೆ.

ಗಡಿಯನ್ನು ಕಾಣುವ ಕೆಲಸಕ್ಕೂ ಬೆಳಕೇ ಬೇಕು. ಜರ್ಮನಿಯ ವಾಲ್ಟರ್ ಸ್ಟುಮರ್ 5-ಎಎಲ್‌ಎ ಎಂಬ ಪದಾರ್ಥವನ್ನು ರೋಗಿಗೆ ಕುಡಿಸಿ, ನೀಲಿ ಬೆಳಕಿನಲ್ಲಿ ಗ್ಲಯೋಮಾ ಕೆಂಪಾಗಿ ಹೊಳೆಯುವಂತೆ ಮಾಡಿದರು. 322 ರೋಗಿಗಳ 2006ರ ಪರೀಕ್ಷೆಯಲ್ಲಿ, ಸ್ಕ್ಯಾನ್‌ನಲ್ಲಿ ಕಾಣುವ ಗಡ್ಡೆಯನ್ನು ಪೂರ್ತಿ ತೆಗೆಯಲಾದದ್ದು ಹೊಳಪಿನ ನೆರವಿದ್ದಾಗ ಶೇ. 65 ಮಂದಿಯಲ್ಲಿ, ಇಲ್ಲದಾಗ ಶೇ. 36 ಮಂದಿಯಲ್ಲಿ. ಅಲ್ಲಿ ಬಳಸುವ ನೀಲಿ ಬೆಳಕಿಗೆ ಲೇಸರೇ ಆಗಬೇಕೆಂದಿಲ್ಲ, ಶಸ್ತ್ರಕೋಣೆಯ ಸೂಕ್ಷ್ಮದರ್ಶಕದ ದೀಪವೇ ಸಾಕು. ಲೇಸರ್ ಅನಿವಾರ್ಯವಾಗುವುದು ರಾಮನ್ ಪರಿಣಾಮವನ್ನು ಹಿಡಿಯುವಾಗ.

ಚಂದ್ರಶೇಖರ ವೆಂಕಟ ರಾಮನ್ 1928ರ ಫೆಬ್ರವರಿ 28ರಂದು ಕಲ್ಕತ್ತಾದಲ್ಲಿ ಕಂಡ ಆ ವಿದ್ಯಮಾನ, ಅವರು ಆಮೇಲೆ ಬೆಂಗಳೂರಿಗೆ ಬಂದು ನೆಲೆಸಿದ ಎಷ್ಟೋ ಕಾಲದ ನಂತರವೂ ರಸಾಯನಶಾಸ್ತ್ರಜ್ಞರ ಪ್ರಯೋಗಾಲಯದ ಸೊತ್ತಾಗಿಯೇ ಇತ್ತು. ಅಣುವಿಗೆ ತಾಗಿ ಚದುರುವ ಬೆಳಕಿನ ಸುಮಾರು ಒಂದು ಕೋಟಿ ಕಣಗಳಲ್ಲಿ ಒಂದು ಮಾತ್ರ ಅಣುವಿನ ಕಂಪನಕ್ಕೆ ಶಕ್ತಿ ಕೊಟ್ಟು, ಇಲ್ಲವೇ ಅಲ್ಲಿಂದ ಪಡೆದು, ಬಣ್ಣ ಬದಲಿಸಿ ಹೊರಬರುತ್ತದೆ. ಆ ಬದಲಾವಣೆ ಅಣುವಿನ ಗುರುತಿನ ಚೀಟಿ. ಆದರೆ ಇಷ್ಟು ಕ್ಷೀಣ ಸಂಕೇತ ಹಿಡಿಯಲು ಒಂದೇ ಬಣ್ಣದ ತೀವ್ರ ಬೆಳಕು ಬೇಕು; ಪಾದರಸದ ದೀಪಗಳ ಕಾಲದಲ್ಲಿ ಒಂದು ದಾಖಲೆಗೆ ಗಂಟೆಗಟ್ಟಲೆ ಕಾಯಬೇಕಿತ್ತು. ಮಾಂಟ್ರಿಯಲ್‌ನ ಫ್ರೆಡ್ರಿಕ್ ಲೆಬ್ಲಾಂಡ್ ಮತ್ತು ಕೆವಿನ್ ಪೆಟ್ರೆಕ್ಕಾ ತಂಡ 2015ರಲ್ಲಿ ಪ್ರಕಟಿಸಿದ ಸಾಧನ ಪೆನ್ನಿನಂತೆ ಕೈಯಲ್ಲಿ ಹಿಡಿಯುವಂಥದು. 785 ನ್ಯಾನೋಮೀಟರಿನ ಲೇಸರ್ ತುದಿಯನ್ನು ತೆರೆದ ಮಿದುಳಿಗೆ ತಾಗಿಸಿದರೆ 0.2 ಸೆಕೆಂಡಿನಲ್ಲಿ ಅಲ್ಲಿ ಕ್ಯಾನ್ಸರ್ ಕೋಶಗಳಿವೆಯೋ ಇಲ್ಲವೋ ಎಂದು ಹೇಳುತ್ತದೆ. 17 ಗ್ಲಯೋಮಾ ರೋಗಿಗಳಲ್ಲಿ ನೋಡಿದಾಗ ಕ್ಯಾನ್ಸರ್ ಇದ್ದ ಕಡೆ ಶೇ. 93, ಇಲ್ಲದ ಕಡೆ ಶೇ. 91ರಷ್ಟು ಸಲ ಅದರ ಮಾತು ಸರಿಯಾಗಿತ್ತು.

ಮಿಷಿಗನ್ ವಿಶ್ವವಿದ್ಯಾಲಯದ ಡೇನಿಯಲ್ ಆರಿಂಜರ್ ತಂಡ ಹಿಡಿದದ್ದು ಬೇರೆ ದಾರಿ. ಎರಡು ಲೇಸರ್‌ಗಳನ್ನು ಒಟ್ಟಿಗೆ ಬಳಸಿ ರಾಮನ್ ಸಂಕೇತವನ್ನು ಹೆಚ್ಚಿಸಿ, ಗಡ್ಡೆಯಿಂದ ತೆಗೆದ ಚೂರಿನಲ್ಲಿ ಕೊಬ್ಬು ಮತ್ತು ಪ್ರೋಟೀನುಗಳ ಹಂಚಿಕೆಯನ್ನು ಬಣ್ಣ ಹಾಕದೆಯೇ ಚಿತ್ರಿಸುತ್ತಾರೆ. ಚೂರನ್ನು ಹೆಪ್ಪುಗಟ್ಟಿಸಿ, ಕೊಯ್ದು, ಬಣ್ಣ ಬಳಿದು ನೋಡುವ ಹಳೆಯ ಪದ್ಧತಿಗೆ ಇಪ್ಪತ್ತು, ಮೂವತ್ತು ನಿಮಿಷ ಬೇಕು. ಅಷ್ಟು ಹೊತ್ತು ಬುರುಡೆ ತೆರೆದಿಟ್ಟುಕೊಂಡು ಕಾಯಬೇಕು. ಲೇಸರ್ ಚಿತ್ರವನ್ನು ಕಂಪ್ಯೂಟರ್ ಓದಿ ರೋಗದ ಹೆಸರು ಹೇಳಲು ಎರಡೂವರೆ ನಿಮಿಷವೂ ಹಿಡಿಯದು. 278 ರೋಗಿಗಳನ್ನು ಒಳಗೊಂಡು 2020ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಕಂಪ್ಯೂಟರಿನ ನಿಖರತೆ ಶೇ. 94.6, ಹಳೆಯ ಪದ್ಧತಿಯಲ್ಲಿ ಓದಿದ ರೋಗಶಾಸ್ತ್ರಜ್ಞರದು ಶೇ. 93.9. ಸಂಖ್ಯೆಗಳ ಈ ಸಣ್ಣ ಅಂತರಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಅದೇ ವರದಿಯಲ್ಲಿದೆ: ಯಂತ್ರ ಎಡವಿದ ಚೂರುಗಳನ್ನು ರೋಗಶಾಸ್ತ್ರಜ್ಞರು ಸರಿಯಾಗಿ ಓದಿದ್ದರು, ಅವರು ಎಡವಿದ್ದನ್ನು ಯಂತ್ರ ಸರಿಯಾಗಿ ಓದಿತ್ತು.